ಡ್ರೈಯರಿನ ಹತ್ತು ಡಿಗ್ರಿ

ತೊಂಬತ್ತರ ದಶಕದ ಕೊನೆಯಲ್ಲಿ ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರ ಯಜಮಾನರು ಕಾಫಿ ಒಣಗಿಸುವ ಡ್ರೈಯರಿಗೆ ಕಂಪ್ಯೂಟರ್ ಜೋಡಿಸಿದರು. ಒಳಗಿನ ಬಿಸಿ ಸೆನ್ಸರಿನಿಂದ ವೋಲ್ಟೇಜಾಗಿ ಬರುತ್ತಿತ್ತು, ಒಂದು ಬೋರ್ಡು ಅದನ್ನು ಅಳೆದು ಪರದೆಗೆ ಕೊಡುತ್ತಿತ್ತು. ಪರದೆ ಕಾಫಿಗೆ ಬೇಕಾದ ಐವತ್ತು ಡಿಗ್ರಿ ತೋರಿಸಿದ ಕೂಡಲೇ ಬೆಂಕಿ ತಗ್ಗಿಸುತ್ತಿದ್ದರು. ಕಾಫಿ ಮಾತ್ರ ಒಣಗದೆ ಮುಗ್ಗಲು ಹಿಡಿಯಿತು. ಮೂಡಿಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ ನನ್ನನ್ನು ಕರೆಸಿದರು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಮೇಷ್ಟ್ರೇ, ಕಾಫಿದೇ ಏನೋ ದೋಷ" ಎಂದರು.

ನಾನು ಮೀಟರ್ ಹಿಡಿದೆ. ಸೆನ್ಸರ್ ಕೊಡುತ್ತಿದ್ದದ್ದು ಎರಡು ವೋಲ್ಟ್, ಅಂದರೆ ನಲವತ್ತು ಡಿಗ್ರಿ; ಬೋರ್ಡು ಅದನ್ನು ಎರಡೂವರೆ ಎಂದು ಓದಿ ಐವತ್ತು ತೋರಿಸುತ್ತಿತ್ತು. ಅದು ಎಲ್ಲವನ್ನೂ ಅಳೆಯುವುದು ತನಗೆ ಸಿಗಬೇಕಾದ ಐದು ವೋಲ್ಟಿನ ಲೆಕ್ಕದಲ್ಲಿ. ಆ ಐದು ನಾಲ್ಕಕ್ಕೆ ಕುಸಿದಿತ್ತು, ಏಕೆಂದರೆ ನೆಂಟರಿಗೆ ಚೆಂದ ಕಾಣಲೆಂದು ಯಜಮಾನರು ಬೋರ್ಡಿಗೆ ಕರೆಂಟು ಕೊಡುವ ತಂತಿಗೇ ಬಣ್ಣದ ದೀಪಗಳ ಸಾಲು ಕಟ್ಟಿಸಿದ್ದರು. ಅಳತೆಗೋಲು ಗಿಡ್ಡವಾದರೆ ಬಟ್ಟೆ ಉದ್ದ ಕಂಡ ಹಾಗೆ, ಬಿಸಿ ಹೆಚ್ಚಾಗಿ ಕಾಣುತ್ತಿತ್ತು. ದೀಪಗಳನ್ನು ಬಿಚ್ಚಿದೆ. ಪರದೆ ನಲವತ್ತಕ್ಕೆ ಇಳಿಯಿತು.

ಯಜಮಾನರ ಮುಖವೂ ಇಳಿಯಿತು. "ಇದೇನು ಮಾರಾಯ್ರೇ! ಐವತ್ತಿತ್ತು, ನೀವು ಕೈ ಹಾಕಿ ಹತ್ತು ಕಮ್ಮಿ ಮಾಡಿಬಿಟ್ರಲ್ಲ!"

"ಮೊದಲಿಂದ ಇದ್ದದ್ದೇ ನಲವತ್ತು. ಇನ್ನೊಂಚೂರು ಸೌದೆ ಹಾಕ್ಸಿ" ಎಂದೆ. ಗೊಣಗುತ್ತಲೇ ಹಾಕಿಸಿದರು.

ಆ ಸಲದ ಕಾಫಿ ಗರಿಗರಿಯಾಗಿ ಒಣಗಿತು. ಯಜಮಾನರು ಮಾತ್ರ ಕಂಡವರಿಗೆಲ್ಲ ದೂರು ಹೇಳಿದರು: "ಆ ಮೇಷ್ಟ್ರು ಬಂದ್ಮೇಲೆ ನಮ್ಮ ಕಂಪ್ಯೂಟರಿಗೆ ಮೊದಲಿನ ಶಕ್ತಿ ಇಲ್ಲ."