ಅಂತೋಣಿಯನ್ನು ತಡೆದವಳು

ನನ್ನ ತಮ್ಮ ಅಂತೋಣಿ ಪಾದ್ರಿಯಾಗಲು ಗುರುಮಠ ಸೇರುವುದನ್ನು ಮೂರು ವರ್ಷ ತಡೆದವಳು ನಾನು. ಅಮ್ಮನ ಕಾಯಿಲೆಯಲ್ಲ, ಮನೆಯ ಪರಿಸ್ಥಿತಿಯಲ್ಲ, ದೇವರ ಇಚ್ಛೆಯಂತೂ ಅಲ್ಲ — ನಾನು. ಅವನನ್ನು ತಡೆದ ದಿನ ನಾನು ಒಂದು ಸುಳ್ಳನ್ನೂ ಹೇಳಲಿಲ್ಲ. ಆಡಿದ್ದೆಲ್ಲ ನಿಜ. ಹಾಗಾಗಿಯೇ ಇಷ್ಟು ವರ್ಷ ಯಾರೂ ನನ್ನನ್ನು ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಕಳೆದ ತಿಂಗಳು ಅವನಿಗೆ ಗುರುದೀಕ್ಷೆಯಾಯಿತು. ಈಗ ಅವನು ಫಾದರ್ ಅಂತೋಣಿ. ಚಿಂತಾಮಣಿಯ ನಮ್ಮ ಚರ್ಚಿನ ಅಂಗಳದಲ್ಲಿ ಅಷ್ಟು ಜನರನ್ನು, ಅಷ್ಟು ನಗುವನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಆ ಸಂತೋಷದ ಬಗ್ಗೆ ಬರೆಯಲು ಕೂತಿದ್ದೇನೆ. ಆದರೆ ಇದನ್ನು ಮೊದಲು ಹೇಳದೆ ಕೈ ಮುಂದೆ ಹೋಗುತ್ತಿಲ್ಲ.

ಅವನನ್ನು ತಡೆದ ಕಾಲದಲ್ಲಿ ನಾನು ಒಂದು ದಿನಪತ್ರಿಕೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ವರದಿಗಾರ್ತಿ. ಅಪ್ಪ ತೀರಿಕೊಂಡಿದ್ದರು. ಚಿಂತಾಮಣಿಯ ಮನೆಯಲ್ಲಿ ಅಮ್ಮ, ನಾನು, ಅಂತೋಣಿ. ಅವನು ಬಿ.ಕಾಂ. ಮುಗಿಸಿದ್ದ, ಗೌರಿಬಿದನೂರಿನ ಗಿರಣಿಯೊಂದರಲ್ಲಿ ಕೆಲಸವೂ ಸಿಕ್ಕಿತ್ತು. ಒಂದು ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಅವನೂ, ಅಲ್ಲಿ ಅವನ ಜೊತೆ ಹಾಡುತ್ತಿದ್ದ ಲೀನಾಳೂ ಚರ್ಚಿನ ಸ್ವಾಮಿಗಳ ಮುಂದೆ ಹೋಗಿ ನಿಂತರು. ಅವಳು ಸಿಸ್ಟರ್ ಆಗಬೇಕು, ಅವನು ಗುರುವಾಗಬೇಕು. ಗಿರಣಿಯ ಕೆಲಸ ಬೇಡ. ಜೊತೆಯ ಹುಡುಗರು ಬಿಡುತ್ತಾರೆಯೇ?

"ಲೋ ಅಂತೋಣಿ, ನೀನ್ ಹಾಡಿದ್ರೆ ಜನ ಅರ್ಧಕ್ಕೇ ಎದ್ದು ಹೋಗ್ತಾರೆ ಕಣೋ. ನಿನಗ್ಯಾರೋ ಪೂಜೆ ಮಾಡೋಕೆ ಕೊಡ್ತಾರೆ?"

"ಹೋಗ್ಲಿ ಬಿಡ್ರೋ. ಉಳಿದೋರಿಗೆ ಪ್ರಸಂಗ ಮಾಡ್ತೀನಿ."

ಅವನ ಮುಖದಲ್ಲಿ ಆ ದಿನ ಇದ್ದದ್ದು — ಅದನ್ನು ವಿವರಿಸಲು ಆಗಲೂ ನನ್ನಲ್ಲಿ ಪದವಿರಲಿಲ್ಲ, ಈಗಲೂ ಇಲ್ಲ. ನನಗೆ ಹೊಟ್ಟೆ ಉರಿಯಿತು ಎಂದು ಮಾತ್ರ ಬರೆಯಬಲ್ಲೆ.

ಕೆಲವು ದಿನಗಳ ನಂತರ ಗುರುಮಠದಿಂದ ಒಬ್ಬ ಹಿರಿಯ ಫಾದರ್ ಮನೆಗೆ ಬಂದರು. ಹುಡುಗನನ್ನು ಸೇರಿಸಿಕೊಳ್ಳುವ ಮೊದಲು ಮನೆ ನೋಡುವುದು, ಅವನು ಎದುರಿಗಿಲ್ಲದಾಗ ಮನೆಯವರನ್ನು ವಿಚಾರಿಸುವುದು ಅವರ ಪದ್ಧತಿ. ಅಂತೋಣಿಯನ್ನು ಹಾಲು ತರಲು ಕಳಿಸಿದೆವು. ಅಮ್ಮ, "ದೇವ್ರು ಕರೆದ್ರೆ ಬೇಡ ಅನ್ನೋಕೆ ನಾನ್ಯಾರು ಸ್ವಾಮಿ" ಎಂದು ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಫಾದರ್ ನನ್ನ ಕಡೆ ತಿರುಗಿದರು.

"ನೀವು ಪೇಪರ್‌ನವ್ರು, ಇದ್ದಿದ್ದು ಇದ್ದ ಹಾಗೆ ಹೇಳ್ತೀರ. ಮನೆ ಕಡೆ ಹೇಗಮ್ಮ?"

ಇದ್ದದ್ದನ್ನೇ ಹೇಳಿದೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಹಿಂದಿನ ವಾರವಷ್ಟೇ ಆಸ್ಪತ್ರೆಗೆ ಸೇರಿಸಿದ್ದೆವು ಎಂದೆ. ನಿಜ. ಮದುವೆಮನೆಯ ಊಟ ಹೆಚ್ಚಾಗಿ ವಾಂತಿಯಾಗಿತ್ತು, ಸಂಜೆಗೆ ಅವಳು ನಡೆದುಕೊಂಡೇ ಮನೆಗೆ ಬಂದಿದ್ದಳು — ಅದನ್ನು ಹೇಳಲಿಲ್ಲ. ನನಗೆ ಬೆಂಗಳೂರಿಗೆ ವರ್ಗವಾಗುವ ಸಂಭವವಿದೆ ಎಂದೆ. ನಿಜ. ಆ ವರ್ಗವನ್ನು ಸಂಪಾದಕರ ಬಳಿ ಕೇಳಿಕೊಂಡವಳು ನಾನೇ — ಅದನ್ನು ಹೇಳಲಿಲ್ಲ. ಅಂತೋಣಿ ಮೊನ್ನೆ ಬೈಕ್ ಶೋರೂಮಿನಲ್ಲಿ ಬಣ್ಣ ಆರಿಸುತ್ತಿದ್ದ ಎಂದೆ. ಅದೂ ನಿಜ. ಬೈಕ್ ಕೊಳ್ಳುತ್ತಿದ್ದವನು ಅವನ ಗೆಳೆಯ.

"ಅಂದ್ರೆ ಹುಡುಗನ ಮನಸ್ಸು ಇನ್ನೂ ಗಟ್ಟಿ ಆಗಿಲ್ಲ ಅನ್ಸುತ್ತೆ" ಎಂದರು ಫಾದರ್.

ನಾನು ತಿದ್ದಲಿಲ್ಲ.

ಯಾವುದನ್ನು ಮೊದಲ ಸಾಲಿಗೆ ತರಬೇಕು, ಯಾವುದನ್ನು ಕೊನೆಗೆ ಇಡಬೇಕು, ಜಾಗ ಸಾಲದಿದ್ದರೆ ಯಾವುದನ್ನು ಕತ್ತರಿಸಬೇಕು — ಇದು ನನ್ನ ಕಸುಬು. ಅಂದು ಮನೆಯ ಜಗಲಿಯಲ್ಲಿ ಅದನ್ನೇ ಮಾಡಿದೆ. ಅವನು ಹೋದರೆ ಅಮ್ಮನ ಜೊತೆ ನಾನು ಉಳಿಯಬೇಕಿತ್ತು. ಬೆಂಗಳೂರು ಕಚೇರಿಯ ಸುದ್ದಿ ಡೆಸ್ಕು ಕೈತಪ್ಪುತ್ತಿತ್ತು. ನನಗೆ ಆ ಡೆಸ್ಕು ಬೇಕಾಗಿತ್ತು. ಅಷ್ಟೇ.

ಅಂತೋಣಿ ಹಾಲು ತಂದ. ಫಾದರ್ ಕಾಫಿ ಕುಡಿದು, ಅವನ ತಲೆಯ ಮೇಲೆ ಕೈಯಿಟ್ಟು, "ಮನೆ ಸ್ವಲ್ಪ ಸರಿಹೋಗ್ಲಿ ಮಗ, ಆಮೇಲೆ ನೋಡೋಣ" ಎಂದು ಹೊರಟರು. ಆ ವರ್ಷ ಲೀನಾ ಹೋದಳು. ಬಸ್ ನಿಲ್ದಾಣದಲ್ಲಿ ಅವಳ ಪೆಟ್ಟಿಗೆಯನ್ನು ಮೇಲೆ ಹತ್ತಿಸಿಕೊಟ್ಟವನು ನನ್ನ ತಮ್ಮ. ಎರಡು ತಿಂಗಳಲ್ಲಿ ನಾನೂ ಬೆಂಗಳೂರಿಗೆ ಹೋದೆ.

ಗಿರಣಿಯ ಕೆಲಸ ಮನೆಗೆ ದೂರವೆಂದು ಅವನು ಹತ್ತಿರದ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅಮೀರ್ ಸಾಬರ ಬಳಿ ಕೆಲಸಕ್ಕೆ ಸೇರಿದ. ಸಾಬರು ಗೂಡು ಕೊಂಡು ನೂಲು ತೆಗೆಸುವವರು. ಬೆಳಗ್ಗೆ ಹರಾಜು, ತೂಕ. ಸಂಜೆ ಮನೆಗೆ ಬಂದು ಅಮ್ಮನಿಗೆ ಇನ್ಸುಲಿನ್ ಚುಚ್ಚುವುದು. ಒಮ್ಮೆ ಫೋನಿನಲ್ಲಿ ಕೇಳಿದ: "ದೇವ್ರು ನನ್ನ ಬೇಡ ಅಂದ್ಬಿಟ್ನೇನೋ ಅಲ್ವೇನಕ್ಕ?"

"ಇರಬಹುದು ಕಣೋ" ಎಂದೆ.

ಮೇಲೆ ಒಂದು ಸುಳ್ಳೂ ಇಲ್ಲ ಎಂದು ಬರೆದೆ. ಅದು ಫಾದರ್ ಮುಂದೆ ಆಡಿದ ಮಾತಿಗೆ ಮಾತ್ರ ಸಲ್ಲುತ್ತದೆ. ಈ ಒಂದು ಪದ — ಇದು ಸುಳ್ಳು.

ಮೂರು ವರ್ಷವಾದ ಮೇಲೆ ಅವನು ಮತ್ತೆ ಕೇಳಿದ. ಈ ಸಲ ಬೇರೆ ಫಾದರ್ ಬಂದರು. ನಾನು ಊರಿನಲ್ಲಿರಲಿಲ್ಲ, ನನ್ನನ್ನು ಯಾರೂ ವಿಚಾರಿಸಲಿಲ್ಲ. ಅಮ್ಮ ಅವರೆದುರಿಗೇ ಸೂಜಿ ತೆಗೆದು ತಾನೇ ಚುಚ್ಚಿಕೊಂಡು ತೋರಿಸಿದಳಂತೆ. "ನನ್ ಸಕ್ಕರೆ ನಾನ್ ನೋಡ್ಕೋತೀನಿ. ನೀನ್ ಹೋಗು ನಾಯ್ನಾ." ಫಾದರ್ ಹೋಗಿ ವಿಚಾರಿಸಿದಾಗ ಅಮೀರ್ ಸಾಬರು, "ಅರೇ, ಇವನು ಗೂಡು ತೂಗೋವಾಗ್ಲೂ ಬಾಯಲ್ಲಿ ಪ್ರಾರ್ಥನೆನೇ. ಕರ್ಕೊಂಡ್ ಹೋಗಿ ಸ್ವಾಮಿ, ನನ್ ತೂಕ ತಪ್ತಾ ಇದೆ" ಎಂದು ನಗಿಸಿದರಂತೆ.

ಗುರುಮಠದಲ್ಲಿ ಅವನ ಓದು, ತರಬೇತಿ ಎಂದು ವರ್ಷಗಳು ಕಳೆದವು. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ವರದಿಗೆ ವಾಪಸ್ಸಾದೆ. ನನ್ನ ಮಾತು ಯಾರಿಗೂ ನೆನಪಿಲ್ಲ, ನನಗೂ ಬೇಡ — ಹಾಗೆಂದುಕೊಂಡಿದ್ದೆ.

ನಮ್ಮ ಚರ್ಚಿನಲ್ಲಿ ಒಂದು ರೂಢಿ ಇದೆ. ಗುರುದೀಕ್ಷೆಯ ದಿನ ತಂದೆ ತಾಯಿ ಮಗನನ್ನು ಎರಡೂ ಕಡೆ ಕೈಹಿಡಿದು ಪೀಠದವರೆಗೆ ಕರೆತರುತ್ತಾರೆ. ಬಿಷಪ್ ಸ್ವಾಮಿಗಳು ಅವರನ್ನು ಕೇಳುತ್ತಾರೆ, ಈ ಮಗನನ್ನು ಸಂತೋಷದಿಂದ ಒಪ್ಪಿಸುತ್ತೀರಾ ಎಂದು. ಉತ್ತರ ಹೇಳಿದ ಮೇಲೆಯೇ ಕೈ ಬಿಡುವುದು. ದೀಕ್ಷೆಗೆ ವಾರವಿರುವಾಗ ಅಮ್ಮ ಹೇಳಿದಳು: "ನಿಮ್ಮಪ್ಪನ ಜಾಗದಲ್ಲಿ ನೀನೇ ನಿಂತ್ಕೋಬೇಕು ಕಣೇ. ದೊಡ್ಡ ಮಗಳು."

ಮನೆಯವರನ್ನು ಕೇಳುವ ಅದೇ ಪ್ರಶ್ನೆ. ಈ ಸಲ ಊರೆಲ್ಲರ ಎದುರಿಗೆ. ಏನೂ ಆಗಿಲ್ಲವೆಂಬಂತೆ ಆ ಕೈ ಹಿಡಿದು ನಡೆದರೆ —

ದೀಕ್ಷೆ ಹತ್ತಿರ ಬಂದ ಒಂದು ಸಂಜೆ ಅಂತೋಣಿ ಚರ್ಚಿನ ಅಂಗಳದ ಶಾಮಿಯಾನದ ಕೆಳಗೆ ಪೂಜೆಯ ಹಾಡನ್ನು ಅಭ್ಯಾಸ ಮಾಡುತ್ತಿದ್ದ. ರಾಗ ಎಲ್ಲೆಲ್ಲೋ ಹೋಗುತ್ತಿತ್ತು.

"ಅಂತೋಣಿ, ಒಂದು ಮಾತು ಹೇಳ್ಬೇಕು."

"ಹಾಡು ಚೆನ್ನಾಗಿಲ್ಲ ಅಂತ ತಾನೇ? ಗೊತ್ತು ಕಣಕ್ಕ. ಪೂಜೆ ಮಾತ್ರ ಚೆನ್ನಾಗಿರುತ್ತೆ."

ಹೇಳಿದೆ. ಫಾದರ್ ಕೇಳಿದ್ದು, ನಾನು ಹೇಳಿದ್ದು, ಹೇಳದೆ ಉಳಿಸಿಕೊಂಡದ್ದು, ಬೆಂಗಳೂರು. ಅವನು ಪ್ಲಾಸ್ಟಿಕ್ ಕುರ್ಚಿಯ ಕೈಯನ್ನು ಉಗುರಿನಿಂದ ಕೆರೆದ.

"ಬೈಕ್ ವಿಷಯಾನೂ ಹೇಳಿದ್ಯಾ?"

"ಹೂಂ."

"ಮೂರು ವರ್ಷ, ಅಕ್ಕ. ದೇವ್ರಿಗೇ ಬೇಡವಾದೋನು ಅಂದ್ಕೊಂಡು ಗೂಡು ತೂಗಿದೀನಿ." ಧ್ವನಿಯಲ್ಲಿ ಸಿಟ್ಟಿತ್ತು. ಇರಲೇಬೇಕಿತ್ತು. ಆಮೇಲೆ ಕೇಳಿದ: "ಅಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಹೇಳು. ತನ್ನ ಕಾಯಿಲೆಯಿಂದಾನೇ ನಾನ್ ನಿಂತೆ ಅಂತ ಇವತ್ತಿಗೂ ಕೊರಗ್ತಾಳೆ. ಮೊದ್ಲು ಅದನ್ನ ಬಿಡಿಸು. ನನ್ ಲೆಕ್ಕ ಆಮೇಲೆ."

ಅಮ್ಮ ಹಾಗೆ ಕೊರಗುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಬರೆಯುವವಳಿಗೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. "ಮದುವೆ ಊಟದ ವಾಂತಿನ ಆಸ್ಪತ್ರೆ ಮಾಡಿದ್ಯಲ್ಲೇ" ಎಂದಷ್ಟೇ ಹೇಳಿ ಎದ್ದು ಹೋದಳು. ಎರಡು ದಿನ ಮಾತಾಡಲಿಲ್ಲ. ದೀಕ್ಷೆಯ ಬೆಳಿಗ್ಗೆ ಹೊಸ ಸೀರೆಯುಟ್ಟು ನನ್ನ ಮುಂದೆ ನಿಂತು, ಸೆರಗು ಸರಿಮಾಡು ಎಂಬಂತೆ ಬೆನ್ನು ತಿರುಗಿಸಿದಳು. ಪಿನ್ನು ಹಾಕಿದೆ.

"ಬಾ. ಅವನ ಆ ಕಡೆ ನಿಂತ್ಕೋ. ಈ ಸಲ ಕೇಳ್ದಾಗ ಬಾಯ್ಬಿಟ್ಟು ಹೇಳು."

ಚರ್ಚಿನ ಬಾಗಿಲಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಅಮ್ಮನೂ ನಾನೂ ಅಂತೋಣಿಯ ಕೈಹಿಡಿದು ಪೀಠದವರೆಗೆ ನಡೆದೆವು. ಬಿಷಪ್ ಸ್ವಾಮಿಗಳು ಕೇಳಿದರು. ಅಮ್ಮ ಉತ್ತರಿಸದೆ ನನ್ನನ್ನು ನೋಡಿದಳು, ಮೊದಲು ನಾನು ಹೇಳಲಿ ಎಂದು. "ಒಪ್ಪಿಸ್ತೀವಿ" ಎಂದೆ. ಅಷ್ಟು ಗಟ್ಟಿಯಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ — ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಂತೋಣಿಯೂ ತುಟಿ ಕಚ್ಚಿದ. ಆಮೇಲೆ ಅಮ್ಮ ಹೇಳಿದಳು. ಕೈ ಬಿಟ್ಟೆವು.

ಅವನು ತೊಟ್ಟ ಪೂಜಾವಸ್ತ್ರದ ರೇಷ್ಮೆ ಅಮೀರ್ ಸಾಬರು ಕೊಟ್ಟದ್ದು. ಅವರು ಊಟದ ಪಂಕ್ತಿಯಲ್ಲಿ ಮೂರು ಸಲ ಎದ್ದು ಬಂದು ಅದನ್ನು ಮುಟ್ಟಿ ನೋಡಿದರು. ಅವನ ಹಾಡಿಗೆ ಜನ ನಕ್ಕರು, ಆದರೆ ಯಾರೂ ಎದ್ದು ಹೋಗಲಿಲ್ಲ. ರಜೆ ಹಾಕಿ ಬಂದಿದ್ದ ಸಿಸ್ಟರ್ ಲೀನಾ, ವಿಷಯ ತಿಳಿದ ಮೇಲೆ, "ಆ ಮೂರು ವರ್ಷ ಇಲ್ದಿದ್ರೆ ಈ ರೇಷ್ಮೆ ಎಲ್ಲಿಂದ ಬರ್ತಿತ್ತು ಬಿಡಿ ಅಕ್ಕ" ಎಂದಳು. ಒಳ್ಳೆಯ ಮನಸ್ಸಿನ ಮಾತು. ನಾನು ಅದನ್ನು ತೆಗೆದುಕೊಳ್ಳಲಾರೆ. ರೇಷ್ಮೆ ಸಾಬರದು, ಮೂರು ವರ್ಷ ಅಂತೋಣಿಯದು. ನಾನು ಮಾಡಿದ್ದು ನಾನು ಮಾಡಿದ್ದೇ.

ಹೇಳಬೇಕಾದವರು ಇನ್ನೊಬ್ಬರಿದ್ದಾರೆ — ಅಂದು ಮನೆಗೆ ಬಂದಿದ್ದ ಹಿರಿಯ ಫಾದರ್. ಈಗ ವಯಸ್ಸಾದ ಗುರುಗಳ ನಿವಾಸದಲ್ಲಿದ್ದಾರೆ. ಕಿವಿ ಮಂದ, ನೆನಪು ಚೆನ್ನಾಗಿದೆಯಂತೆ. ನನ್ನನ್ನು ನಂಬಿ ಕೇಳಿದವರು ಅವರೇ. ಭಾನುವಾರ ಹೋಗುತ್ತೇನೆಂದು ಅಂತೋಣಿಗೆ ಹೇಳಿದೆ.

"ನಾನೂ ಬರ್ತೀನಿ ಇರಕ್ಕ, ಚರ್ಚಿನ ಬೈಕಲ್ಲೇ ಹೋಗಣ. ಬಣ್ಣ ಮಾತ್ರ ನಾನು ಆರಿಸಿದ್ದಲ್ಲ, ಫಾದರ್‌ಗೆ ಅದನ್ನೂ ಹೇಳು."

ಹೇಳುತ್ತೇನೆ. ಅಂದು ಬಿಟ್ಟದ್ದನ್ನು ಮೊದಲು ಹೇಳುತ್ತೇನೆ. ಈ ಸಲ ಅವನನ್ನು ಹಾಲು ತರಲು ಕಳಿಸುವುದಿಲ್ಲ. ಅವನ ಎದುರಿಗೇ ಹೇಳುತ್ತೇನೆ.