ಡೋಲಿಲ್ಲದ ಸ್ವಾಗತ

ಕಿರಿಮಂಜೇಶ್ವರದ ಕಡೆಯ ಪ್ರೌಢಶಾಲೆಯೊಂದರ ಮಕ್ಕಳು ಆ ವರ್ಷ ಶಾಲೆಯ ಹಿಂದಿನ ಹಾಡಿಯ ನಕ್ಷೆ ಮಾಡಿದರು. ಅಷ್ಟೇನೂ ದೊಡ್ಡದಲ್ಲದ ಕಾಡು ಅದು. ಯಾವ ಮರ ಎಲ್ಲಿದೆ, ಮಳೆನೀರು ಎಲ್ಲಿ ಇಂಗುತ್ತದೆ, ಯಾವ ಬಳ್ಳಿ ಕಡಿಮೆಯಾಗುತ್ತಿದೆ ಎಂಬುದನ್ನು ಮಕ್ಕಳಿಗೆ ತಿರುಗಾಡಿಸಿ ತೋರಿಸಿದವರು ಇಬ್ಬರು: ವಿಜ್ಞಾನದ ಮೇಷ್ಟ್ರು, ಮತ್ತು ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಒಬ್ಬ ಹೆಂಗಸು. ಆಕೆ ಹುಟ್ಟಿದ್ದು ಅದೇ ಹಾಡಿಯೊಳಗಿನ ಕೊಪ್ಪದಲ್ಲಿ, ಅಂದರೆ ಕೊರಗರ ಸೊಪ್ಪಿನ ಗುಡಿಸಲಿನಲ್ಲಿ. ಈಗ ಮನೆ ರಸ್ತೆ ಬದಿಯ ಕಾಲೊನಿಯಲ್ಲಿತ್ತು. ಮಕ್ಕಳಿಗೆ ಆಕೆ ಅಕ್ಕ.

ನಕ್ಷೆ ಬಿಡುಗಡೆಯ ಹಿಂದಿನ ವಾರ, ಪತ್ರಿಕೆಯ ವರದಿಗೆಂದು ಹೋಗಿದ್ದ ನಾನು ಮೇಷ್ಟ್ರ ಜೊತೆ ಕಾಲೊನಿಗೂ ಹೋದೆ. ಅತಿಥಿಗಳನ್ನು ಗೇಟಿನಿಂದ ಡೋಲು ಬಡಿದು ಕರೆತರಬೇಕೆಂದು ಶಾಲಾ ಸಮಿತಿ ತೀರ್ಮಾನಿಸಿತ್ತು. ಊರಿನ ಸಮಾರಂಭಗಳಿಗೆ ಕೊರಗರ ನೆನಪಾಗುತ್ತಿದ್ದದ್ದು ಡೋಲು ಬಡಿಯಲಷ್ಟೇ. ಮೇಷ್ಟ್ರು ಯೋಚಿಸದೆ ಹೇಳಿಬಿಟ್ಟರು: "ಮನೆಯವ್ರನ್ನೂ ಕರ್ಕಂಡ್ ಬನ್ನಿ, ಡೋಲಿನ ಸಂಗಡ."

ಆಕೆ ಹೆಣೆಯುವುದನ್ನು ನಿಲ್ಲಿಸಲಿಲ್ಲ. "ಹ್ವಾಯ್ ಮಾಷ್ಟ್ರೇ, ನೀವ್ ಎಂತ ಬಡಿತ್ರಿ?"

"ನಾನಾ? ನಾ ಸ್ಟೇಜಿನ ಮೇಲೆ ಇರ್ತೆ."

"ಹಾಡಿ ತೋರ್ಸುಕೆ ಇಬ್ರೂ ಹೋಯಿಲ್ಯಾ? ನಿಮ್ಗ್ ಕುರ್ಚಿ, ನಂಗ್ ಗೇಟಾ? ಆ ಮಕ್ಳ್ ನನ್ನ ಅಕ್ಕ ಅಂದ್ ಕರಿತೊ. ಅವ್ರ ಎದ್ರಿಗೆ ಗೇಟಲ್ಲಿ ನಿಲ್ಲುಕೆ ನನ್ನಿಂದ ಆತಿಲ್ಲೆ. ಡೋಲ್ ತಕಂಡ್ ಬಪ್ಪುದಾರೆ ನಾ ಬತ್ತಿಲ್ಲೆ."

"ಡೋಲ್ ಬ್ಯಾಡ. ನೀವ್ ಬನ್ನಿ," ಎಂದರು ಮೇಷ್ಟ್ರು.

ಸಮಿತಿಯವರು ಒಪ್ಪುವುದು ಸುಲಭವಾಗಿರಲಿಲ್ಲ. "ವಾದ್ಯ ಇಲ್ದೆ ಸ್ವಾಗತ ಹ್ಯಾಂಗೆ ಮಾರಾಯ್ರೆ?" ಎಂದರು ಒಬ್ಬರು. "ಶಾಲೆ ಗಂಟೆ ಇತ್ತಲೆ, ಬಡಿಯುವ," ಎಂದರು ಮೇಷ್ಟ್ರು. ಕೊನೆಗೆ ಗಂಟೆಯನ್ನೇ ಬಡಿದರು. ಅತಿಥಿಗಳು ತರಗತಿಗೆ ಹೋಗುವವರಂತೆ ಬೇಗ ಬೇಗ ನಡೆದು ಬಂದರು.

ವೇದಿಕೆಯಲ್ಲಿ ಒಂದು ಕುರ್ಚಿ ಹೆಚ್ಚಿಗೆ ಹಾಕಿದ್ದರು. ಸ್ವಾಗತ ಭಾಷಣ ಮಾಡಿದ ಹುಡುಗಿ ಮೊದಲು ಅಕ್ಕನನ್ನು, ಆಮೇಲೆ ಮೇಷ್ಟ್ರನ್ನು ಕರೆದಳು. ನಕ್ಷೆ ಬಿಚ್ಚಿದಾಗ ಅಕ್ಕ ಹತ್ತಿರ ಹೋಗಿ ನೋಡಿದರು. "ಎಲ್ಲಾ ಇತ್ತ್. ನಾವಿದ್ದ ಜಾಗ ಎಲ್ಲಿತ್ತ್ ಮಗಾ?"

ಈಗ ಇರುವುದನ್ನಷ್ಟೇ ಮಕ್ಕಳು ಗುರುತಿಸಿದ್ದರು. ಹುಡುಗಿ ಮೇಷ್ಟ್ರ ಜೇಬಿನಿಂದ ಪೆನ್ನು ತೆಗೆದುಕೊಂಡು, ಆಕೆ ಬೆರಳಿಟ್ಟ ಕಡೆ 'ಕೊರಗರ ಕೊಪ್ಪ' ಎಂದು ಬರೆದಳು.

ವರದಿಯ ಮೊದಲ ವಾಕ್ಯದಲ್ಲಿ ನಾನು ಮಾರ್ಗದರ್ಶಕರಿಬ್ಬರನ್ನೂ ಹೆಸರಿಸಿದೆ, ಅತಿಥಿಗಳನ್ನು ಕೊನೆಗಿಟ್ಟೆ. ಜಾಗ ಸಾಲದೆ ಡೆಸ್ಕಿನವರು ಎಂದಿನಂತೆ ಕೊನೆಯ ಪ್ಯಾರಾ ಕತ್ತರಿಸಿದ್ದರು.