ಕಡ ಕೊಟ್ಟ ಕಾಗೆ

ಪುಣೆಯಲ್ಲಿ ಮಾಸ್ತರಿಕೆ ಮಾಡುತ್ತ, ಹಕ್ಕಿಗಳ ಬಗ್ಗೆ ಬರೆಯುತ್ತ ಇದ್ದ ನನ್ನ ಮನೆಯಲ್ಲಿ ರೆಕ್ಕೆ ಮುರಿದ ಕಾಗೆಯೊಂದಿತ್ತು. ಪಿತೃಪಕ್ಷದ ಒಂದು ಮಧ್ಯಾಹ್ನ ಗುರುತಿಲ್ಲದ ಗೃಹಸ್ಥರೊಬ್ಬರು ಬಾಗಿಲಿಗೆ ಬಂದರು.

“ಮಾಸ್ತರ್ರೀ, ನಮ್ಮ ಅಪ್ಪನ ಪಿಂಡ ಯಾವ ಕಾಗಿನೂ ಮುಟ್ಟವಲ್ದು. ಮನಿ ಮಂದಿ ಎಲ್ಲಾ ಉಪಾಸ ಕೂತಾರ. ನಿಮ್ಮ ಕಾಗಿ ಸ್ವಲ್ಪ ಕಡ ಕೊಡ್ರಿ.”

ಕಾಗೆಯನ್ನು ಎತ್ತಿಕೊಂಡು ಅವರ ಟಾಂಗಾದಲ್ಲೇ ನದಿಯ ಘಾಟಿಗೆ ಹೋದೆ. ಅದು ಪಿಂಡದ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ, ಅದಕ್ಕೆಂದೇ ಜೇಬಿನಲ್ಲಿಟ್ಟುಕೊಂಡಿದ್ದ ಜೋಳದ ರೊಟ್ಟಿಯ ಚೂರನ್ನು ಪಿಂಡದ ಮೇಲಿಟ್ಟೆ. ತಕ್ಷಣ ಕುಕ್ಕಿತು.

ಅವರ ಕಣ್ಣು ತುಂಬಿ ಬಂದವು. “ಖರೇರಿ, ಧಾರವಾಡ ಬಿಟ್ಟ ಮ್ಯಾಲೆ ಅಪ್ಪಗ ರೊಟ್ಟಿ ಹಂಬಲ ಭಾಳ ಇತ್ತು.”

ನಮ್ಮ ಕಾಗೆ ರೊಟ್ಟಿ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲವೆಂದು ನಾನು ಹೇಳಲಿಲ್ಲ. ಮರುದಿನದಿಂದ ಅವರ ಮನೆಯಿಂದಲೇ ಅದಕ್ಕೆ ರೊಟ್ಟಿ ಬರತೊಡಗಿತು. ನಮ್ಮ ಮನೆಯಲ್ಲಿ ನನಗೂ ಸಿಗದಷ್ಟು ಬೆಣ್ಣೆ ಹಚ್ಚಿದ್ದು.